ಬ್ರಿಡ್ಜಸ್ ಹೋದರು, ಪಿಕ್‌ಗಳು ಬಂದವು: ನೆಟ್ಸ್‌ಗೆ ಲಾಭವಾಯಿತೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವನು, ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಇಪ್ಪತ್ತು ವರ್ಷವಾಯಿತು. ನೆಟ್ಸ್ ಬ್ಯಾಸ್ಕೆಟ್‌ಬಾಲ್ ತಂಡ ನ್ಯೂಜೆರ್ಸಿಯಲ್ಲಿ ಆಡುತ್ತಿದ್ದ ಕಾಲದಲ್ಲಿ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋಗಿ ಒಂದು ಪಂದ್ಯ ತೋರಿಸಿದರು, ಅಂದಿನಿಂದ ಬಿಟ್ಟಿಲ್ಲ. 2012ರಲ್ಲಿ ತಂಡ ಬ್ರೂಕ್ಲಿನ್‌ಗೆ ಹೋಯಿತು, ನಾನೂ ರೈಲು ಹತ್ತಿ ಹಿಂದೆಯೇ ಹೋದೆ. ನನ್ನ ಹದಿಮೂರು ವರ್ಷದ ಮಗಳಿಗೆ ನೆಟ್ಸ್ ಆಟಗಾರ ಮಿಕಾಲ್ ಬ್ರಿಡ್ಜಸ್ ಎಂದರೆ ಪ್ರಾಣ. 2024ರ ಜೂನ್‌ನಲ್ಲಿ ಅವರನ್ನು ನ್ಯೂಯಾರ್ಕ್‌ನ ಇನ್ನೊಂದು ತಂಡವಾದ ನಿಕ್ಸ್‌ಗೆ ಕೊಟ್ಟ ರಾತ್ರಿ ಅವಳು ಊಟ ಮಾಡದೆ ಮಲಗಿದಳು. ಈಗ 2025ರ ಡ್ರಾಫ್ಟ್, ಅಂದರೆ ತಂಡಗಳು ತಮ್ಮ ಸರದಿ (ಪಿಕ್) ಬಂದಾಗ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ಮುಗಿದಿದೆ. ನಿಕ್ಸ್ 25 ವರ್ಷಗಳ ನಂತರ ಈಸ್ಟರ್ನ್ ಕಾನ್ಫರೆನ್ಸ್ (ಲೀಗ್‌ನ ಪೂರ್ವ ಭಾಗದ) ಫೈನಲ್ ಆಡಿತು. ನಾವು 26 ಗೆದ್ದು 56 ಸೋತೆವು, ಡ್ರಾಫ್ಟ್‌ನ ಸರದಿ ನಿರ್ಧರಿಸುವ ಲಾಟರಿಯಲ್ಲೂ ಎಂಟನೇ ಸ್ಥಾನಕ್ಕೆ ಜಾರಿದೆವು. ಒಬ್ಬ ಗೆಳೆಯ “ಒಬ್ಬ ಆಟಗಾರನಿಗೆ ಐದು ಮೊದಲ ಸುತ್ತಿನ ಪಿಕ್ ಸಿಕ್ಕಿದೆ, ನೀವೇ ಗೆದ್ದಿದ್ದು” ಎನ್ನುತ್ತಾನೆ. ಇನ್ನೊಬ್ಬ “ಒಳ್ಳೆಯ ಆಟಗಾರ ಯಾರ ಕಡೆ ಹೋದನೋ ಅವರೇ ಗೆದ್ದರು” ಎನ್ನುತ್ತಾನೆ. ಹೊಸದಾಗಿ ಕಟ್ಟುತ್ತಿರುವ ತಂಡಕ್ಕೆ ಒಂದು ಟ್ರೇಡ್ (ತಂಡಗಳ ನಡುವಿನ ವಿನಿಮಯ) ಒಳ್ಳೆಯದಾಯಿತೇ ಎಂದು ತಿಳಿಯುವುದು ಹೇಗೆ? ನೆಟ್ಸ್ ಮುಂದೆ ಏನು ಮಾಡಬೇಕು? ಮಗಳಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನೋವು ಒಟ್ಟಿಗೆ ಹೆಣೆದುಕೊಂಡಿವೆ. ಇಷ್ಟದ ಆಟಗಾರ ಕಣ್ಣೆದುರೇ ನೆರೆಮನೆಗೆ ಹೋಗಿ ಅಲ್ಲಿ ಬೆಳಗುತ್ತಿರುವುದು ಒಂದು. ಆ ನೋವನ್ನು ನುಂಗಿಕೊಂಡದ್ದಕ್ಕೆ ನಮಗೆ ಏನು ಸಿಕ್ಕಿತು ಎಂದು ಯಾರೂ ಸ್ಪಷ್ಟವಾಗಿ ಹೇಳದಿರುವುದು ಇನ್ನೊಂದು. ಎರಡನೆಯದಕ್ಕೆ ಲೆಕ್ಕವಿದೆ, ಅದನ್ನು ಮೊದಲು ನೋಡೋಣ. ನಾನು ಎರಡು ದಶಕ ತರಬೇತುದಾರನಾಗಿ, ಆಟಗಾರರ ಆಯ್ಕೆ ಸಮಿತಿಗಳಲ್ಲಿ ಕುಳಿತು ಕಳೆದವನು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಟ್ರೇಡ್‌ಗಳನ್ನು ಓದುವುದು ನನಗೆ ಕೆಲಸವೂ ಹೌದು, ಇಷ್ಟವೂ ಹೌದು.

ಮೊದಲು ಯಾರು ಏನು ಕೊಟ್ಟರು ಎಂಬುದನ್ನು ಸರಿಯಾಗಿ ಇಟ್ಟುಕೊಳ್ಳೋಣ, ಏಕೆಂದರೆ ನಿಮ್ಮ ಗೆಳೆಯರಿಬ್ಬರೂ ಅರ್ಧ ಟ್ರೇಡನ್ನು ಮಾತ್ರ ನೋಡುತ್ತಿದ್ದಾರೆ. ಬ್ರಿಡ್ಜಸ್ ಅವರಿಗೆ ಬದಲಾಗಿ ನಿಕ್ಸ್ ತನ್ನ 2025, 2027, 2029 ಮತ್ತು 2031ರ ಮೊದಲ ಸುತ್ತಿನ ಪಿಕ್‌ಗಳನ್ನು ಯಾವ ರಕ್ಷಣೆಯೂ ಇಲ್ಲದೆ, ಅಂದರೆ ಪಿಕ್ ಎಷ್ಟೇ ಮೇಲೆ ಬಂದರೂ ತಾನೇ ಇಟ್ಟುಕೊಳ್ಳುವ ಷರತ್ತಿಲ್ಲದೆ, ಕೊಟ್ಟಿತು. 2028ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ (ಎರಡು ತಂಡಗಳ ಪಿಕ್‌ಗಳಲ್ಲಿ ಉತ್ತಮವಾದುದನ್ನು ಪಡೆಯುವ) ಹಕ್ಕು, ಮಿಲ್ವಾಕಿ ತಂಡದ 2025ರ ರಕ್ಷಿತ ಪಿಕ್, ಒಂದು ಎರಡನೇ ಸುತ್ತಿನ ಪಿಕ್ ಕೂಡ ಬಂದವು. ಸಂಬಳ ಸರಿದೂಗಿಸಲು ಬೋಯನ್ ಬೊಗ್ಡಾನೊವಿಚ್ ಬಂದರು. ಎಲ್ಲರೂ ಮಾತನಾಡುವುದು ಇದನ್ನೇ.

ಅದೇ ಹೊತ್ತಿನಲ್ಲಿ ನೆಟ್ಸ್ ಹ್ಯೂಸ್ಟನ್ ತಂಡದ ಜೊತೆ ಮಾಡಿಕೊಂಡ ಎರಡನೇ ಒಪ್ಪಂದವನ್ನು ಯಾರೂ ನೆನೆಯುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಅದೇ. 2021ರ ಜನವರಿಯಲ್ಲಿ ಜೇಮ್ಸ್ ಹಾರ್ಡನ್ ಅವರನ್ನು ತರಲು ನೆಟ್ಸ್ ತನ್ನ 2022, 2024, 2026ರ ಮೊದಲ ಸುತ್ತಿನ ಪಿಕ್‌ಗಳನ್ನೂ 2021, 2023, 2025, 2027ರ ಅದಲುಬದಲು ಹಕ್ಕುಗಳನ್ನೂ ಹ್ಯೂಸ್ಟನ್‌ಗೆ ಬರೆದುಕೊಟ್ಟಿತ್ತು. ಆಗ ನೆಟ್ಸ್‌ನ ತಾರೆಗಳಾಗಿದ್ದ ಡ್ಯುರಾಂಟ್, ಅರ್ವಿಂಗ್, ಹಾರ್ಡನ್ ಮೂವರೂ ಒಟ್ಟಿಗೆ ಲೀಗ್ ಹಂತದಲ್ಲಿ ಆಡಿದ್ದು 16 ಪಂದ್ಯ. ಅಷ್ಟಕ್ಕಾಗಿ ಏಳು ವರ್ಷದ ಭವಿಷ್ಯ ಬೇರೆಯವರ ಕೈಸೇರಿತ್ತು. ಬ್ರಿಡ್ಜಸ್ ಟ್ರೇಡ್ ಸುದ್ದಿಯಾದ ಮರುದಿನವೇ ಡ್ರಾಫ್ಟ್ ನಡೆಯಿತು. ನೆಟ್ಸ್ 32 ಪಂದ್ಯ ಗೆದ್ದು ಲಾಟರಿಯಲ್ಲಿ ಮೇಲೇರಿ ಗಳಿಸಿದ್ದ ಮೂರನೇ ಪಿಕ್‌ನಲ್ಲಿ ಹ್ಯೂಸ್ಟನ್‌ನವರು ರೀಡ್ ಶೆಪರ್ಡ್ ಅವರನ್ನು ಆರಿಸಿಕೊಂಡರು. ಸೋತವರು ನೀವು, ಆ ಸೋಲಿನ ಫಲ ಉಂಡವರು ಅವರು.

ಕಾಯಿಲೆಯ ಬೇರು ಇದ್ದದ್ದು ಇಲ್ಲಿ. ಅಮೆರಿಕದ ಲೀಗ್‌ಗಳಲ್ಲಿ ಕೆಳಗೆ ಬಿದ್ದ ತಂಡಕ್ಕೆ ಡ್ರಾಫ್ಟ್ ಎಂಬ ಕೈ ಚಾಚಿರುತ್ತದೆ: ಹೆಚ್ಚು ಸೋತವರಿಗೆ ಒಳ್ಳೆಯ ಹೊಸ ಆಟಗಾರರನ್ನು ಮೊದಲು ಆರಿಸುವ ಅವಕಾಶ ಹೆಚ್ಚು. ನಮ್ಮ ಐಪಿಎಲ್ ಹರಾಜಿನಲ್ಲಿ ಕೊನೆಯ ಸ್ಥಾನದ ತಂಡಕ್ಕೆ ಇಂಥ ರಿಯಾಯಿತಿ ಇಲ್ಲ, ಆದ್ದರಿಂದ ಊರಿನಲ್ಲಿ ಕುಳಿತು ನೋಡುವವರಿಗೆ ಈ ಪಿಕ್‌ಗಳ ಗೀಳು ವಿಚಿತ್ರವಾಗಿ ಕಾಣುತ್ತದೆ. ತನ್ನ ಪಿಕ್ ತನ್ನ ಕೈಯಲ್ಲಿಲ್ಲದ ತಂಡ ಸೋತರೆ ಆ ಸೋಲು ಬರೀ ಸೋಲು. ಅದು ಗೆಲ್ಲಲೂ ಆಗದೆ, ಸೋತು ಕಲಿಯಲೂ ಆಗದೆ ನಡುವೆ ಸಿಕ್ಕಿಕೊಳ್ಳುತ್ತದೆ. 2023–24ರ ನೆಟ್ಸ್ ಹಾಗೆ ಸಿಕ್ಕಿಕೊಂಡಿತ್ತು.

ಆ ಎರಡನೇ ಒಪ್ಪಂದದಲ್ಲಿ ನೆಟ್ಸ್ ಫೀನಿಕ್ಸ್ ಮತ್ತು ಡಲ್ಲಾಸ್ ಕಡೆಯಿಂದ ತನಗೆ ಬರಬೇಕಿದ್ದ ಪಿಕ್‌ಗಳನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟು ತನ್ನದೇ 2025 ಮತ್ತು 2026ರ ಪಿಕ್‌ಗಳ ಮೇಲಿನ ಹಿಡಿತವನ್ನು ವಾಪಸ್ ಪಡೆಯಿತು. ಬ್ರಿಡ್ಜಸ್ ಅವರನ್ನು ಇಟ್ಟುಕೊಂಡು ಹೀಗೆ ಮಾಡಿದ್ದರೆ ಅರ್ಥವಿರಲಿಲ್ಲ, ಏಕೆಂದರೆ ಅವರಿದ್ದರೆ ತಂಡ ಮತ್ತೆ 32, 35 ಗೆಲುವಿನ ಸುತ್ತ ತಿರುಗುತ್ತಿತ್ತು. ಅವರನ್ನು ಕೊಟ್ಟು ತನ್ನ ಪಿಕ್ ವಾಪಸ್ ತರದಿದ್ದರೂ ಅನರ್ಥ, ಏಕೆಂದರೆ ಸೋಲಿನ ಫಲ ಮತ್ತೆ ಹ್ಯೂಸ್ಟನ್ ಪಾಲಾಗುತ್ತಿತ್ತು. ಈ ಎರಡು ಒಪ್ಪಂದಗಳನ್ನು ಒಂದೇ ಟ್ರೇಡ್ ಎಂದು ಓದಿದರೆ ಮಾತ್ರ ಅದರ ತಿರುಳು ಕಾಣುತ್ತದೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. “ಐದು ಪಿಕ್ ಸಿಕ್ಕಿತು, ಗೆದ್ದೆವು” ಎಂಬುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಪಿಕ್ ಎಂದರೆ ಆಟಗಾರನಲ್ಲ, ಆಟಗಾರನನ್ನು ಆರಿಸುವ ಸರದಿ. ಆ ಸರದಿಯ ಬೆಲೆ ಅದು ಯಾವ ತಂಡದ್ದು, ಯಾವ ವರ್ಷದ್ದು ಎಂಬುದರ ಮೇಲೆ ನಿಂತಿದೆ. ನಿಕ್ಸ್ 2024–25ರಲ್ಲಿ 51 ಪಂದ್ಯ ಗೆದ್ದಿತು, ಅದರ ಪಿಕ್ 26ನೇ ಸ್ಥಾನಕ್ಕೆ ಬಂತು. ಅಂದರೆ ನೀವು ಕೊಟ್ಟ ಆಟಗಾರನೇ ನಿಮಗೆ ಬಂದ ಪಿಕ್‌ನ ಬೆಲೆ ತಗ್ಗಿಸಿದ. 2027ರ ಪಿಕ್ ಕೂಡ ಹಾಗೆಯೇ ಕೆಳಗೆ ಇರುವ ಸಂಭವ ಹೆಚ್ಚು, ಏಕೆಂದರೆ ಜೇಲನ್ ಬ್ರನ್ಸನ್ ಮುಂದಾಳಾಗಿರುವ ನಿಕ್ಸ್ ಅಷ್ಟು ಬೇಗ ಕುಸಿಯುವಂತೆ ಕಾಣುವುದಿಲ್ಲ. ಈ ರಾಶಿಯಲ್ಲಿ ನಿಜವಾದ ಬೆಲೆ ಇರುವುದು 2029 ಮತ್ತು 2031ರಲ್ಲಿ. ಇಂದಿನ ನಿಕ್ಸ್ ಆಟಗಾರರ ಮಂಡಿಗಳು ಅಷ್ಟು ಹೊತ್ತಿಗೆ ಹೇಗಿರುತ್ತವೆ ಎಂದು ಯಾರೂ ಬರೆದುಕೊಡಲಾರರು, ಆದ್ದರಿಂದಲೇ ಆ ಎರಡಕ್ಕೆ ತೂಕ.

ಇದಕ್ಕೆ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಿಲ್ಲ, ನೆಟ್ಸ್‌ನ ಹಳೆಯ ಗಾಯವೇ ಇದೆ. 2013ರಲ್ಲಿ ಬಾಸ್ಟನ್‌ನಿಂದ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಮತ್ತು ಜೇಸನ್ ಟೆರಿ ಬಂದರು. ನೆಟ್ಸ್ 2014, 2016, 2018ರ ಪಿಕ್‌ಗಳನ್ನೂ 2017ರ ಅದಲುಬದಲು ಹಕ್ಕನ್ನೂ ಕೊಟ್ಟಿತು. ಮೊದಲ ವರ್ಷ ತಂಡ 44 ಗೆದ್ದು ಎರಡನೇ ಸುತ್ತಿನಲ್ಲಿ ಮಯಾಮಿಗೆ ಸೋತಿತು. 2014ರ ಪಿಕ್ 17ನೆಯದಾಗಿ, ಬಾಸ್ಟನ್‌ಗೆ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. ಆ ದಿನ ತೀರ್ಪು ಕೊಟ್ಟಿದ್ದರೆ ಬ್ರೂಕ್ಲಿನ್‌ಗೆ ಹೆಚ್ಚು ನಷ್ಟವಿಲ್ಲ ಎನ್ನಬಹುದಿತ್ತು. ಆಮೇಲೆ ಪಿಯರ್ಸ್ ಹೋದರು, ಗಾರ್ನೆಟ್ ಹೋದರು, ತಂಡ ತಳ ಕಂಡಿತು. 2016ರ ಪಿಕ್ ಮೂರನೆಯದಾಯಿತು, ಬಾಸ್ಟನ್ ಜೇಲನ್ ಬ್ರೌನ್ ಅವರನ್ನು ಆರಿಸಿಕೊಂಡಿತು. 2017ರದ್ದು ಮೊದಲನೆಯದೇ ಆಯಿತು, ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು ಎರಡು ಹೆಜ್ಜೆ ಕೆಳಗಿಳಿದು ಇನ್ನೊಂದು ಪಿಕ್ ಜೊತೆಗೆ ಜೇಸನ್ ಟೇಟಂ ಅವರನ್ನು ಬಾಸ್ಟನ್ ಪಡೆಯಿತು. 2024ರಲ್ಲಿ ಅವರಿಬ್ಬರೂ ಬಾಸ್ಟನ್‌ಗೆ ಚಾಂಪಿಯನ್‌ಶಿಪ್ ತಂದರು. ಟ್ರೇಡ್ ಆದ ಹನ್ನೊಂದು ವರ್ಷಕ್ಕೆ ಅದರ ಫಲ ಪೂರ್ತಿ ಕೈಗೆ ಬಂತು. ದೂರದ ವರ್ಷದ, ರಕ್ಷಣೆಯಿಲ್ಲದ ಪಿಕ್ ಎಂದರೆ ಏನು ಎಂಬುದನ್ನು ನೆಟ್ಸ್ ಅಭಿಮಾನಿಗೆ ಬೇರೆ ಯಾರೂ ಕಲಿಸಬೇಕಿಲ್ಲ.

“ಒಳ್ಳೆಯ ಆಟಗಾರ ಹೋದ ಕಡೆಯೇ ಗೆಲುವು” ಎಂಬ ಇನ್ನೊಬ್ಬ ಗೆಳೆಯರ ಮಾತು ಪ್ರಶಸ್ತಿಗೆ ಹತ್ತಿರವಿರುವ ತಂಡದ ಮಟ್ಟಿಗೆ ಬಹುಪಾಲು ನಿಜ. ಕಟ್ಟುವ ತಂಡಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ, ಏಕೆಂದರೆ ಇಲ್ಲಿ ವಯಸ್ಸು ಅಡ್ಡ ಬರುತ್ತದೆ. ಟ್ರೇಡ್ ಆದ ದಿನ ಬ್ರಿಡ್ಜಸ್‌ಗೆ 27, ಎರಡು ತಿಂಗಳಲ್ಲಿ 28. ಇಂದು ಆರಿಸಿದ ಹತ್ತೊಂಬತ್ತರ ಹುಡುಗರು ಪೂರ್ಣ ಬಲಕ್ಕೆ ಬರುವ ಹೊತ್ತಿಗೆ ಅವರು ಮೂವತ್ತೆರಡು ಮೂವತ್ತಮೂರು ದಾಟಿರುತ್ತಿದ್ದರು. ಒಳ್ಳೆಯ ವರ್ಷಗಳನ್ನೆಲ್ಲ ಸೋಲುವ ತಂಡದಲ್ಲಿ ಸವೆಸಿ, ತಂಡ ಮೇಲೇಳುವ ಹೊತ್ತಿಗೆ ಅವರು ಇಳಿಯುತ್ತಿರುತ್ತಿದ್ದರು. ಸಂಬಳದ ಲೆಕ್ಕವೂ ಇದೆ. ಅವರ ಹಳೆಯ ಒಪ್ಪಂದ ಅಗ್ಗದ್ದಾಗಿತ್ತು, ಅದರಲ್ಲಿ ಎರಡು ವರ್ಷ ಬಾಕಿ ಇತ್ತು. 2025ರ ಬೇಸಿಗೆಯಲ್ಲಿ ನಿಕ್ಸ್ ಅವರಿಗೆ ನಾಲ್ಕು ವರ್ಷಕ್ಕೆ 15 ಕೋಟಿ ಡಾಲರ್ ಒಪ್ಪಿಕೊಂಡಿತು. ಆಟಗಾರನ ಬೆಲೆ ಹೆಚ್ಚಾಗಿರುವುದು ಒಪ್ಪಂದ ಅಗ್ಗವಾಗಿರುವಾಗ. ಒಮ್ಮೆಯೂ ಆಲ್‌ಸ್ಟಾರ್ (ಲೀಗ್‌ನ ತಾರೆಯರ ಪಂದ್ಯಕ್ಕೆ ಆಯ್ಕೆ) ಆಗದ ಆಟಗಾರನಿಗೆ ಅಷ್ಟೊಂದು ಪಿಕ್ ಬಂದದ್ದು ನೆಟ್ಸ್ ಆ ಕ್ಷಣ ಹಿಡಿದದ್ದರಿಂದ.

ಆದರೂ ನಿಮ್ಮ ಆ ಗೆಳೆಯರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಈ ಟ್ರೇಡ್‌ನಲ್ಲಿ ನನಗೆ ಇಂದಿಗೂ ಚುಚ್ಚುವ ಸಂಗತಿ ಒಂದಿದೆ: ಅಷ್ಟೆಲ್ಲ ಪಿಕ್‌ಗಳ ನಡುವೆ ಒಬ್ಬ ಎಳೆಯ ಆಟಗಾರನೂ ಬರಲಿಲ್ಲ. ಓಕ್ಲಹಾಮಾ ಸಿಟಿಯ ಕಥೆಯನ್ನು ಎಲ್ಲರೂ ಪಿಕ್‌ಗಳ ಕಥೆ ಎಂದು ಹೇಳುತ್ತಾರೆ. 2019ರ ಜುಲೈನಲ್ಲಿ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್‌ಗೆ ಕೊಟ್ಟಾಗ ಓಕ್ಲಹಾಮಾಗೆ ಐದು ಮೊದಲ ಸುತ್ತಿನ ಪಿಕ್ ಮತ್ತು ಎರಡು ಅದಲುಬದಲು ಹಕ್ಕು ಸಿಕ್ಕವು, ನಿಜ. ಅವುಗಳಲ್ಲಿ ಒಂದು 2022ರಲ್ಲಿ 12ನೆಯದಾಗಿ ಜೇಲನ್ ವಿಲಿಯಮ್ಸ್ ಆಯಿತು, ಅದೂ ನಿಜ. ಆದರೆ ಆ ಟ್ರೇಡ್‌ನ ಹೃದಯ ಅದೇ ದಿನ ಬಂದಿಳಿದ, ಇನ್ನೂ 21 ತುಂಬದಿದ್ದ ಶೇ ಗಿಲ್ಜಸ್ ಅಲೆಕ್ಸಾಂಡರ್. ಒಂದು ವರ್ಷ ಲೀಗ್‌ನಲ್ಲಿ ಆಡಿ ತೋರಿಸಿದ್ದ ಹುಡುಗ. 2025ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನೂ ಆತನೇ, ಫೈನಲ್‌ನ ಅತ್ಯುತ್ತಮ ಆಟಗಾರನೂ ಆತನೇ, ತಂಡ ಚಾಂಪಿಯನ್. ಕಣ್ಣಾರೆ ಕಂಡ ಎಳೆಯ ಆಟಗಾರ ಒಬ್ಬ, ಕಾಣದ ಪಿಕ್ ಎರಡಕ್ಕೆ ಸಮ ಎಂದು ನಾನು ಲೆಕ್ಕ ಹಾಕುತ್ತೇನೆ. ಬೇರೆಯವರು ಬೇರೆ ಲೆಕ್ಕ ಹಾಕಬಹುದು.

ಇಂಡಿಯಾನಾ ತಂಡದ್ದೂ ಇದೇ ದಾರಿ. 2019ರ ಅಕ್ಟೋಬರ್‌ನಲ್ಲಿ ಮುಂಬೈಗೆ ಬಂದು ಎರಡು ಪಂದ್ಯ ಆಡಿದ ಸ್ಯಾಕ್ರಮೆಂಟೊ ಮತ್ತು ಇಂಡಿಯಾನಾ ತಂಡಗಳು ನಿಮಗೆ ನೆನಪಿರಬಹುದು. 2022ರ ಫೆಬ್ರವರಿಯಲ್ಲಿ ಅವೆರಡೂ ಕೈಕುಲುಕಿ, ಸಬೋನಿಸ್ ಸ್ಯಾಕ್ರಮೆಂಟೊಗೂ ಎಳೆಯ ಹ್ಯಾಲಿಬರ್ಟನ್ ಇಂಡಿಯಾನಾಗೂ ಹೋದರು. ಮರುವರ್ಷ ಸ್ಯಾಕ್ರಮೆಂಟೊ 16 ವರ್ಷಗಳ ಬರ ಮುರಿದು ಪ್ಲೇಆಫ್ ತಲುಪಿತು. ಅಂದು ಗೆದ್ದವರು ಅವರೇ ಎಂದು ಜನ ಹೇಳಿದರು. 2025ರಲ್ಲಿ ಇಂಡಿಯಾನಾ ಫೈನಲ್‌ನ ಏಳನೇ ಪಂದ್ಯದವರೆಗೆ ಹೋಯಿತು. ನಿಕ್ಸ್ ತಂಡವನ್ನು ಕಾನ್ಫರೆನ್ಸ್ ಫೈನಲ್‌ನಲ್ಲಿ ತಡೆದದ್ದು ಇದೇ ಇಂಡಿಯಾನಾ, ಇದೇ ಹ್ಯಾಲಿಬರ್ಟನ್.

“ಸೋತರೆ ಮೊದಲ ಪಿಕ್ ಸಿಗುತ್ತದೆ” ಎಂಬುದೂ ಅರ್ಧ ಸತ್ಯವೇ. 2019ರಿಂದ ಲಾಟರಿಯ ನಿಯಮ ಬದಲಾಗಿದೆ. ಅತಿ ಕೆಟ್ಟ ಮೂರು ತಂಡಗಳಿಗೆ ಮೊದಲ ಪಿಕ್‌ನ ಅವಕಾಶ ತಲಾ ಶೇ 14 ಮಾತ್ರ, ಮೊದಲು ಅತಿ ಕೆಟ್ಟ ತಂಡಕ್ಕೆ ಶೇ 25 ಇತ್ತು. 2025ರಲ್ಲಿ ಏನಾಯಿತು ನೋಡಿ. 17 ಪಂದ್ಯ ಮಾತ್ರ ಗೆದ್ದ ಯೂಟಾ ಐದನೆಯದಾಯಿತು, 18 ಗೆದ್ದ ವಾಷಿಂಗ್ಟನ್ ಆರನೆಯದಾಯಿತು. ಶೇ 1.8 ಅವಕಾಶವಿದ್ದ ಡಲ್ಲಾಸ್‌ಗೆ ಮೊದಲ ಪಿಕ್ ಸಿಕ್ಕಿ ಕೂಪರ್ ಫ್ಲಾಗ್ ಅಲ್ಲಿಗೆ ಹೋದರು. ನೆಟ್ಸ್ ಆರನೇ ಕೆಟ್ಟ ದಾಖಲೆಯೊಂದಿಗೆ ಶೇ 9 ಅವಕಾಶ ಹಿಡಿದು ನಿಂತಿತ್ತು, ಡಲ್ಲಾಸ್ ಮತ್ತು ಸ್ಯಾನ್ ಆಂಟೋನಿಯೊ ಮುಂದೆ ಹಾರಿದ್ದರಿಂದ ಎರಡು ಮೆಟ್ಟಿಲು ಕೆಳಗೆ ಬಿತ್ತು. ಇದು ಟ್ರೇಡ್‌ನ ತಪ್ಪಲ್ಲ, ಚೀಟಿಯ ತಪ್ಪು. ಯೂಟಾ 2022ರಲ್ಲಿ ತನ್ನ ತಾರೆಗಳಾದ ಗೊಬೇರ್ ಮತ್ತು ಮಿಚೆಲ್ ಇಬ್ಬರನ್ನೂ ಕೊಟ್ಟು ಪಿಕ್‌ಗಳ ಕಣಜವನ್ನೇ ತುಂಬಿಕೊಂಡಿತ್ತು. ಮೂರು ವರ್ಷ ಕಳೆದರೂ ಅವರಿಗೆ ತಂಡದ ಮುಖವಾಗಬಲ್ಲ ಒಬ್ಬ ಆಟಗಾರ ಸಿಕ್ಕಿಲ್ಲ. ಸರಿಯಾದ ನಿರ್ಧಾರ ಮಾಡಿಯೂ ಕೈ ಖಾಲಿ ಉಳಿಯಬಹುದು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಒಂದು ಪಿಕ್‌ನ ಪ್ರಯಾಣ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಮಗಳ ಆಟಗಾರನೂ ಇದ್ದಾರೆ. ಮಯಾಮಿ ತನ್ನ 2021ರ ಮೊದಲ ಸುತ್ತಿನ ಪಿಕ್ ಅನ್ನು 2015ರಲ್ಲಿ ಗೋರನ್ ಡ್ರಾಗಿಚ್‌ಗಾಗಿ ಫೀನಿಕ್ಸ್‌ಗೆ ಕೊಟ್ಟಿತು. 2018ರ ಡ್ರಾಫ್ಟ್ ರಾತ್ರಿ ಫಿಲಡೆಲ್ಫಿಯಾ ಹತ್ತನೇ ಪಿಕ್‌ನಲ್ಲಿ ಬ್ರಿಡ್ಜಸ್ ಅವರನ್ನು ಆರಿಸಿತು. ಅವರ ತಾಯಿ ಅದೇ ತಂಡದ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಫಿಲಡೆಲ್ಫಿಯಾ ಅವರನ್ನು ಫೀನಿಕ್ಸ್‌ಗೆ ಕೊಟ್ಟು ಝೈರ್ ಸ್ಮಿತ್ ಎಂಬ ಹುಡುಗನನ್ನೂ ಆ ಮಯಾಮಿ ಪಿಕ್ ಅನ್ನೂ ತೆಗೆದುಕೊಂಡಿತು. 2019ರ ಫೆಬ್ರವರಿಯಲ್ಲಿ ಟೋಬಿಯಸ್ ಹ್ಯಾರಿಸ್‌ಗಾಗಿ ಪಿಕ್ ಕ್ಲಿಪ್ಪರ್ಸ್‌ಗೆ ಹೋಯಿತು. ಜುಲೈನಲ್ಲಿ ಪಾಲ್ ಜಾರ್ಜ್‌ಗಾಗಿ ಓಕ್ಲಹಾಮಾಗೆ ಹೋಯಿತು. ಕೊನೆಗೆ 2021ರಲ್ಲಿ 18ನೆಯದಾಗಿ ಟ್ರೇ ಮ್ಯಾನ್ ಆಯಿತು. ಆರು ವರ್ಷ, ಐದು ತಂಡ. ದಾರಿಯುದ್ದಕ್ಕೂ ಎಲ್ಲರೂ ಅದನ್ನು ಚಿನ್ನದ ತುಂಡಿನಂತೆ ಹಿಡಿದು ಮಾತನಾಡಿದರು. ಕೊನೆಗೆ ಅದರಿಂದ ಬಂದದ್ದು ಬೆಂಚಿನಿಂದ ಎದ್ದು ಬಂದು ಆಡುವ ಒಬ್ಬ ಗಾರ್ಡ್. ಆ ಪಿಕ್‌ಗಾಗಿ ಬಿಟ್ಟುಕೊಟ್ಟ ಬ್ರಿಡ್ಜಸ್ ಒಂದೂ ಪಂದ್ಯ ತಪ್ಪಿಸದೆ ವರ್ಷಾನುಗಟ್ಟಲೆ ಆಡಿದರು. ಈ ಕಥೆಯನ್ನು ನಾನು ಆಯ್ಕೆ ಸಮಿತಿಗಳಲ್ಲಿ ಹಲವು ಬಾರಿ ಹೇಳಿದ್ದೇನೆ.

ಇಷ್ಟು ಹೇಳಿದ ಮೇಲೆ ನನ್ನ ತೀರ್ಮಾನ: ನಿರ್ಧಾರ ಸರಿ, ಬೆಲೆ ತುಂಬ ಚೆನ್ನಾಗಿ ಬಂದಿದೆ, ತಂಡ ಉತ್ತಮವಾಯಿತೇ ಎಂದರೆ ಇನ್ನೂ ಆಗಿಲ್ಲ. ಕೈಯಲ್ಲಿ ದುಡ್ಡು ಬಂದಿದೆ, ಮನೆ ಕಟ್ಟಿಲ್ಲ. ಈಗಿನ ಕಷ್ಟ ಅದನ್ನು ಹೇಗೆ ಖರ್ಚು ಮಾಡುತ್ತಾರೆ ಎಂಬುದು.

ನೆಟ್ಸ್ ಎದುರು ಈಗ ಮೂರು ದಾರಿಗಳಿವೆ, ಒಂದೊಂದಕ್ಕೂ ಅದರದೇ ಅಪಾಯವಿದೆ. ಸುಲಭವಾಗಿ ಕಾಣುವುದು ಇನ್ನೊಂದು ವರ್ಷ ಸೋತು 2026ರ ಪಿಕ್ ಅನ್ನು ಮೇಲಕ್ಕೆ ತರುವುದು. ಲೆಕ್ಕದ ಪ್ರಕಾರ ಇದೇ ಸರಿ, ಏಕೆಂದರೆ 2027ರಲ್ಲಿ ಹ್ಯೂಸ್ಟನ್‌ಗೆ ಅದಲುಬದಲು ಹಕ್ಕು ಇನ್ನೂ ಉಳಿದಿದೆ. ಅಂದರೆ ಸದ್ಯಕ್ಕೆ ಸೋತರೂ ನಷ್ಟವಿಲ್ಲದ ವರ್ಷ ಇದೊಂದೇ, ಮುಂದಿನ ವರ್ಷ ಸೋಲಿನ ಫಲ ಮತ್ತೆ ಹ್ಯೂಸ್ಟನ್‌ಗೆ ಹೋಗಬಹುದು. ಆದರೆ ಸೋಲು ಅಂಟುವ ರೋಗ. ಫಿಲಡೆಲ್ಫಿಯಾ 2015–16ರಲ್ಲಿ 10 ಗೆದ್ದು 72 ಸೋತಿತು, ಎರಡು ಋತುಗಳನ್ನು ದಾಟಿ ಸತತ 28 ಪಂದ್ಯ ಸೋತಿತು. ಅದರಿಂದ ಒಳ್ಳೆಯ ಆಟಗಾರರು ಸಿಕ್ಕರು. ಆದರೂ 2025ರವರೆಗೆ ಆ ತಂಡ ಎರಡನೇ ಸುತ್ತು ದಾಟಿರಲಿಲ್ಲ.

ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬಹಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಜೂನಿಯರ್ ತಂಡವೊಂದರಲ್ಲಿ ಮುಂದಿನ ವರ್ಷಕ್ಕೆ ಕಟ್ಟೋಣ ಎಂದು ಚೆಂಡು ಹಂಚಿ ಆಟ ನಡೆಸುವ ಅನುಭವಿ ಪಾಯಿಂಟ್ ಗಾರ್ಡ್ ಒಬ್ಬನನ್ನು ಬಿಟ್ಟುಕೊಟ್ಟು ನಾಲ್ವರು ಎತ್ತರದ ಹುಡುಗರನ್ನು ತೆಗೆದುಕೊಂಡೆವು. ಕಾಗದದ ಮೇಲೆ ಸೊಗಸಾಗಿತ್ತು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅಭ್ಯಾಸ ನೋಡುತ್ತ ನಿಂತಿದ್ದೆ. ಬುಟ್ಟಿಯ ಕೆಳಗೆ ಒಳ್ಳೆಯ ಜಾಗ ಹಿಡಿದು ಕೈ ಎತ್ತಿದ ಹುಡುಗನಿಗೆ ಚೆಂಡು ಎದೆಯ ಎತ್ತರಕ್ಕೆ ಬರಲಿಲ್ಲ, ಮೊಣಕಾಲಿಗೆ ಬಂತು, ಅದೂ ಒಂದು ಕ್ಷಣ ತಡವಾಗಿ. ಅವನು ಬಗ್ಗಿ ಹೆಕ್ಕಿಕೊಳ್ಳುವಷ್ಟರಲ್ಲಿ ಇಬ್ಬರು ಮುತ್ತಿದರು. ಹತ್ತು ಸಲ ಹೀಗಾದ ಮೇಲೆ ಅವನು ಕೈ ಎತ್ತುವುದನ್ನೇ ಬಿಟ್ಟ. ಆ ಹುಡುಗನಲ್ಲಿ ಕೊರತೆ ಇರಲಿಲ್ಲ, ಅವನಿಗೆ ಚೆಂಡು ಕೊಡಬಲ್ಲವನನ್ನು ನಾವು ಕಳುಹಿಸಿಬಿಟ್ಟಿದ್ದೆವು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು, ಅದು ಇನ್ನೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನೆಟ್ಸ್ 2025ರ ಡ್ರಾಫ್ಟ್‌ನಲ್ಲಿ ಒಂದೇ ರಾತ್ರಿ ಮೊದಲ ಸುತ್ತಿನ ಐವರನ್ನು ಆರಿಸಿಕೊಂಡಾಗ ನನಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚಾಯಿತು. ಡ್ರಾಫ್ಟ್‌ನ ಇತಿಹಾಸದಲ್ಲಿ ಯಾವ ತಂಡವೂ ಮೊದಲ ಸುತ್ತಿನಲ್ಲಿ ಐವರನ್ನು ಆರಿಸಿರಲಿಲ್ಲ. ಎಂಟನೆಯದರಲ್ಲಿ ಯೆಗೋರ್ ಡ್ಯೋಮಿನ್, 19ರಲ್ಲಿ ನೋಲನ್ ಟ್ರವೋರೆ, 22ರಲ್ಲಿ ಡ್ರೇಕ್ ಪೊವೆಲ್, 26ರಲ್ಲಿ ಬೆನ್ ಸರಾಫ್, 27ರಲ್ಲಿ ಡ್ಯಾನಿ ವುಲ್ಫ್. ಇವರಲ್ಲಿ ಮೂವರು ಚೆಂಡು ಕೈಯಲ್ಲಿದ್ದರೆ ಮಾತ್ರ ಅರಳುವ ಗಾರ್ಡ್‌ಗಳು. ಅಂಗಳದಲ್ಲಿ ಚೆಂಡು ಇರುವುದು ಒಂದೇ, ಪಂದ್ಯಕ್ಕೆ ಇರುವುದು 48 ನಿಮಿಷ. ಆ ನಿಮಿಷಗಳನ್ನು ಐವರಿಗೆ ಹಂಚಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಎರಡು ಮೂರು ಪಿಕ್ ಸೇರಿಸಿ ಮೇಲಿನ ಸ್ಥಾನವೊಂದನ್ನು ಕೊಳ್ಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕೊಳ್ಳಲು ಎದುರಿನ ತಂಡವೂ ಮಾರಬೇಕು ಎಂಬುದನ್ನು ನಾನು ಬಲ್ಲೆ. ಹೊಸ ಹುಡುಗರ ಜೊತೆ ಚೆಂಡು ಸರಿಯಾಗಿ ಕೊಡಬಲ್ಲ ಒಬ್ಬಿಬ್ಬರು ಹಿರಿಯರನ್ನು ಇಟ್ಟುಕೊಳ್ಳುವುದನ್ನು ಮಾತ್ರ ಯಾವ ಲಾಟರಿಯ ಆಸೆಗೂ ಬಿಡಬಾರದು. ಕೋಚ್ ಜೋರ್ಡಿ ಫರ್ನಾಂಡಿಸ್ ಕೈಯಲ್ಲಿ ತಂಡ 2024–25ರ ಋತುವಿನಲ್ಲಿ ಎಣಿಸಿದ್ದಕ್ಕಿಂತ ಚೆನ್ನಾಗಿ ಹೋರಾಡಿತು. ಅದರಿಂದ ಲಾಟರಿಯಲ್ಲಿ ಕೆಲವು ಮೆಟ್ಟಿಲು ಕಳೆದುಕೊಂಡಿರಬಹುದು. ನಾನು ಅದನ್ನು ನಷ್ಟದ ಕಡೆ ಬರೆಯುವುದಿಲ್ಲ.

ಎರಡನೇ ದಾರಿ, ಸಂಬಳದ ಮಿತಿಯೊಳಗೆ ಉಳಿದಿರುವ ಖಾಲಿ ಜಾಗವನ್ನು ಬಾಡಿಗೆಗೆ ಕೊಡುವುದು. ಬೇರೆ ತಂಡಕ್ಕೆ ಭಾರವಾದ ಒಪ್ಪಂದವನ್ನು ನೀವು ಹೊರುತ್ತೀರಿ, ಕೂಲಿಯಾಗಿ ಪಿಕ್ ಕೇಳುತ್ತೀರಿ. ಅಟ್ಲಾಂಟಾದಿಂದ ಟೆರನ್ಸ್ ಮ್ಯಾನ್ ಅವರನ್ನು ತೆಗೆದುಕೊಂಡದ್ದಕ್ಕೆ ಬಂದ ಕೂಲಿಯೇ ಆ 22ನೇ ಪಿಕ್. ಡೆನ್ವರ್‌ಗೆ ಕ್ಯಾಮ್ ಜಾನ್ಸನ್ ಅವರನ್ನು ಕೊಟ್ಟು ಮೈಕಲ್ ಪೋರ್ಟರ್ ಅವರನ್ನು ತಂದದ್ದೂ ಹಾಗೆಯೇ: ವರ್ಷಕ್ಕೆ ಸುಮಾರು 2.1 ಕೋಟಿ ಡಾಲರ್ ಸಂಬಳದವರನ್ನು ಕಳುಹಿಸಿ ಸುಮಾರು 3.8 ಕೋಟಿಯವರನ್ನು ಹೊತ್ತುಕೊಂಡರು, ಜೊತೆಗೆ ಡೆನ್ವರ್‌ನ 2032ರ ರಕ್ಷಣೆಯಿಲ್ಲದ ಪಿಕ್ ಬಂತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದದ ನಂತರ ಹೆಚ್ಚು ಸಂಬಳ ಕೊಡುವ ತಂಡಗಳ ಕೈ ಕಟ್ಟಿಹಾಕುವ ನಿಯಮಗಳು ಬಿಗಿಯಾಗಿವೆ, ಆದ್ದರಿಂದ ಖಾಲಿ ಜಾಗಕ್ಕೆ ಹಿಂದೆಂದಿಗಿಂತ ಬೆಲೆ ಬಂದಿದೆ. ಈ ದಾರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಪಾಯ ಕಡಿಮೆ, ಅಭಿಮಾನಿಗೆ ರುಚಿಯೂ ಕಡಿಮೆ.

ಮೂರನೆಯದು, ಕೂಡಿಟ್ಟ ಪಿಕ್‌ಗಳನ್ನೆಲ್ಲ ಸುರಿದು ಒಬ್ಬ ದೊಡ್ಡ ತಾರೆಯನ್ನು ಈಗಲೇ ತರುವುದು. ಮಾಲೀಕರಿಗೆ, ಟಿಕೆಟ್ ಮಾರುವವರಿಗೆ ಇದು ಪ್ರಿಯ. 2013ರಲ್ಲಿ ಮಾಡಿದರು, 2021ರಲ್ಲಿ ಮಾಡಿದರು, ಎರಡು ಸಲವೂ ಏನಾಯಿತೆಂದು ನೀವು ರೈಲಿನಲ್ಲಿ ಹೋಗಿ ಬಂದು ನೋಡಿದ್ದೀರಿ. ತಾರೆಯ ಪಕ್ಕ ನಿಲ್ಲಬಲ್ಲ ಇಬ್ಬರು ಆಟಗಾರರು ತಂಡದಲ್ಲಿ ಮೊದಲೇ ಇದ್ದರೆ ಮಾತ್ರ ಇದಕ್ಕೆ ಅರ್ಥ. ಸದ್ಯಕ್ಕೆ ನೆಟ್ಸ್‌ನಲ್ಲಿ ಒಬ್ಬರೂ ಖಾತ್ರಿಯಾಗಿಲ್ಲ. ಈ ದಾರಿಗೆ ಕನಿಷ್ಠ ಎರಡು ವರ್ಷ ಬಾಗಿಲು ಹಾಕಿರಬೇಕು.

ನೀವು ಮನೆಯಲ್ಲಿ ಕುಳಿತು ಅಳೆಯಬೇಕಾದರೆ ಗೆಲುವು ಸೋಲಿನ ಪಟ್ಟಿಯನ್ನು ಪಕ್ಕಕ್ಕಿಡಿ. ಹೊಸ ಐವರಲ್ಲಿ ಯಾರಾದರೂ ಒಬ್ಬರು 2026ರ ಫೆಬ್ರವರಿಯ ಹೊತ್ತಿಗೆ ನಾಲ್ಕನೇ ಕ್ವಾರ್ಟರ್‌ನಲ್ಲಿ, ಪಂದ್ಯ ಬಿಗಿಯಾಗಿರುವಾಗ, ಅಂಗಳದಲ್ಲಿ ಇರುತ್ತಾರೆಯೇ ನೋಡಿ. ಎದುರಾಳಿ ಎರಡನೇ ಸಲ ಅದೇ ಆಟ ಹೂಡಿದಾಗ ಆ ಹುಡುಗ ಮೊದಲ ಸಲದ ತಪ್ಪನ್ನೇ ಮಾಡುತ್ತಾನೆಯೇ ನೋಡಿ. ಜೊತೆಗೆ ನಿಕ್ಸ್ ತಂಡದ ಮುಖ್ಯ ಆಟಗಾರರ ವಯಸ್ಸು, ಗಾಯಗಳ ಕಡೆಗೂ ಒಂದು ಕಣ್ಣಿರಲಿ. 2029ರ ಪಿಕ್‌ನ ಬೆಲೆ ಅಲ್ಲಿ ಏರಿಳಿಯುತ್ತಿರುತ್ತದೆ.

ಇನ್ನು ನಿಮ್ಮ ಮಗಳು. ಅವಳಿಗೆ ಪಿಕ್‌ಗಳ ಲೆಕ್ಕ ಹೇಳಬೇಡಿ, ಹದಿಮೂರರ ವಯಸ್ಸಿಗೆ ಅದು ಸಮಾಧಾನ ಕೊಡುವುದಿಲ್ಲ. 2025ರ ಮೇ ತಿಂಗಳ ಎರಡು ಪಂದ್ಯಗಳ ಕೊನೆಯ ಹತ್ತು ಸೆಕೆಂಡು ತೋರಿಸಿ. ಎರಡನೇ ಸುತ್ತು, ಬಾಸ್ಟನ್‌ನ ಅಂಗಳ, ನಿಕ್ಸ್ ಎರಡು ಪಂದ್ಯದಲ್ಲೂ 20 ಅಂಕ ಹಿಂದೆ ಬಿದ್ದು ಎದ್ದುಬಂದಿತ್ತು. ಮೊದಲ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಮೂರು ಅಂಕ ಬೇಕಿದ್ದ ಬಾಸ್ಟನ್‌ನ ಕೊನೆಯ ಯತ್ನದಲ್ಲಿ ಬ್ರಿಡ್ಜಸ್ ಜೇಲನ್ ಬ್ರೌನ್ ಅವರ ಕೈಯಿಂದಲೇ ಚೆಂಡು ಕಿತ್ತುಕೊಂಡರು. ಎರಡು ದಿನ ಬಿಟ್ಟು ಎರಡನೇ ಪಂದ್ಯ, ಒಂದು ಅಂಕದ ಅಂತರ, ಈ ಸಲ ಟೇಟಂ ಚೆಂಡು ಹಿಡಿದು ನುಗ್ಗಿದರು, ಅಲ್ಲೂ ಬ್ರಿಡ್ಜಸ್ ಕೈ. ಬ್ರೌನ್ ಮತ್ತು ಟೇಟಂ ಇಬ್ಬರೂ ನಮ್ಮ ನೆಟ್ಸ್ ಕಳೆದುಕೊಂಡ ಪಿಕ್‌ಗಳಿಂದ ಬಾಸ್ಟನ್ ಸೇರಿದವರು ಎಂದು ಅವಳಿಗೆ ಹೇಳಿ. ನೋಡಿದ ಮೇಲೆ ಅವಳು ಕಣ್ಣರಳಿಸುತ್ತಾಳೆ ಎಂದು ನನಗೆ ಅನಿಸುತ್ತದೆ.

ನಿಕ್ಸ್ ಮತ್ತು ನೆಟ್ಸ್ ಒಂದೇ ವಿಭಾಗದಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ ಬ್ರಿಡ್ಜಸ್ ಬ್ರೂಕ್ಲಿನ್‌ಗೆ ಬರುತ್ತಾರೆ. ಟಿಕೆಟ್ ತೆಗೆದುಕೊಳ್ಳಿ. ಅವರು ಈಗ 25ನೇ ಸಂಖ್ಯೆ ಹಾಕುತ್ತಾರೆ. ಮಗಳ ಬಳಿ ಇರುವ ನೆಟ್ಸ್‌ನ ಹಳೆಯ 1ನೇ ಸಂಖ್ಯೆಯ ಜೆರ್ಸಿಯನ್ನೇ ಹಾಕಿಕೊಂಡು ಬರಲಿ, ಮತ್ತು ಸ್ವಲ್ಪ ಬೇಗ ಹೋಗಿ. ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಆಟಗಾರರು ಒಬ್ಬೊಬ್ಬರಾಗಿ ಬಂದು ಶೂಟಿಂಗ್ ಅಭ್ಯಾಸ ಮಾಡುತ್ತಾರೆ, ಆಗ ಬೇಲಿಯ ಹತ್ತಿರ ನಿಲ್ಲಲು ಜಾಗ ಸಿಗುತ್ತದೆ.